ತೊಂಬತ್ತೇಳು ಇಂಚು ಉದ್ದ, ಇಪ್ಪತ್ತೈದು ಇಂಚು ಅಗಲ

ಹಾವೇರಿಯಿಂದ ಸಮುದ್ರಕ್ಕೆ ಸುಮಾರು ನಾಲ್ಕು ತಾಸಿನ ದಾರಿ. ಅಷ್ಟು ದೂರದ ಊರಿನಲ್ಲಿ ಕುಳಿತು ಒಂದು ಸರ್ಫ್‌ಬೋರ್ಡಿನ ಅಳತೆಗಾಗಿ ಹತ್ತು ತಿಂಗಳು ಓಡಾಡಿದೆ ಎಂದರೆ ಕೇಳಿದವರು ನಗುತ್ತಾರೆ. ಹಲಗೆ ನನ್ನದಲ್ಲ, ನನ್ನ ಗೆಳತಿಯದು. ನಾನು ಅಲೆಯ ಮೇಲೆ ಒಮ್ಮೆಯೂ ನಿಂತವಳಲ್ಲ, ನಿಲ್ಲುವ ಆಸೆಯೂ ನನಗಿಲ್ಲ.

ಗೆಳತಿ ಹಾವೇರಿಯಲ್ಲಿ ಟೇಲರಿಂಗ್ ಅಂಗಡಿ ನಡೆಸುತ್ತಾಳೆ. ಐವತ್ತೆರಡು ವರ್ಷ, ಎಂಬತ್ತಾರು ಕಿಲೋ ತೂಕ. ತೂಕವನ್ನು ಇಲ್ಲಿ ಬರೆಯುವ ಮುನ್ನ ಅವಳ ಒಪ್ಪಿಗೆ ಕೇಳಿದೆ. "ಬರಿ. ಎಂಬತ್ತಾರು ಅಂತನ ಬರಿ, ಮರ್ಯಾದಿ ಸಲುವಾಗಿ ಕಡಿಮಿ ಮಾಡಬ್ಯಾಡ," ಎಂದಳು. ಅವಳ ತವರು ಅಗಡಿಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಹೊಲದ ಬಾವಿಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತಳು. ಹನ್ನೆರಡನೆಯ ವಯಸ್ಸಿನಲ್ಲಿ ಮೈನೆರೆದ ದಿನ ಅವಳ ಈಜು ನಿಂತಿತು. ಅಣ್ಣಂದಿರದು ನಿಲ್ಲಲಿಲ್ಲ. ಮನೆಯಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನದಿಂದ ಬಾವಿಗೆ ಹೋಗುವಾಗ ಅವಳನ್ನು ಕರೆಯುವುದನ್ನು ಬಿಟ್ಟರು, ಅಷ್ಟೆ. ನಮ್ಮ ಭಾಗದಲ್ಲಿ ಸಾವಿರಾರು ಹೆಣ್ಣುಮಕ್ಕಳ ಕೈಯಿಂದ ಒಂದು ವಿದ್ಯೆ ಹೀಗೆ ಸದ್ದಿಲ್ಲದೆ ಕಳೆದುಹೋಗಿದೆ. ಇದನ್ನು ಪದ್ಧತಿ ಎಂದು ಕರೆಯುವುದು ತಪ್ಪು. ಇದು ಕಸಿದುಕೊಂಡದ್ದು.

ಪರೀಕ್ಷೆಗಿಂತ ಪ್ರಶ್ನೆಗೆ ಹೆಚ್ಚು ಬೆಲೆ ಕೊಡುವ ಶಾಲೆಯೊಂದರಲ್ಲಿ ನಾನು ಓದಿದೆ. ತಪ್ಪು ಕಂಡಲ್ಲಿ ಅದರ ಹೆಸರು ಹೇಳಬೇಕು ಎಂದು ಅಲ್ಲಿ ಕಲಿಸಿದರು. ಅದೇ ರೂಢಿಯಲ್ಲಿ ಇಪ್ಪತ್ತು ವರ್ಷಗಳಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಹೆಂಗಸರ ಒಂದು ಸಣ್ಣ ಸಂಘಟನೆಯ ಕೆಲಸ ಮಾಡುತ್ತ ಬಂದಿದ್ದೇನೆ. ಹೋದ ವರ್ಷ ಜನವರಿಯಲ್ಲಿ ಆ ಸಂಘಟನೆಯಿಂದಲೇ ಇಪ್ಪತ್ತು ಮಂದಿ ಕರಾವಳಿಗೆ ಹೋಗಿದ್ದೆವು. ದಂಡೆಯ ಮೇಲೆ ಸರ್ಫಿಂಗ್ ಕಲಿಸುವ ಒಂದು ಶಾಲೆ ಇತ್ತು. ನಮ್ಮಲ್ಲಿ ಆರು ಮಂದಿ ಹೆಸರು ಬರೆಸಿದರು. ಎಲ್ಲರಿಗಿಂತ ಮೊದಲು ಬರೆಸಿದವಳು ಗೆಳತಿ.

ಮಳೆಗಾಲ ಮುಗಿದ ಮೇಲೆ ನಮ್ಮ ಕಡಲಿನ ಅಲೆ ಸಣ್ಣದಾಗುತ್ತದೆ. ಅಂದು ಅವು ತೊಡೆಯ ಎತ್ತರಕ್ಕೆ ಬಂದು, ಒಡೆಯಲೋ ಬೇಡವೋ ಎಂದು ತಡೆದು, ಕೊನೆಗೆ ಮೆತ್ತಗೆ ಮಗುಚುತ್ತಿದ್ದವು. ಅಗಲವಾದ ಹಲಗೆಗಳನ್ನು ಬೇರೆಯವರು ಒಯ್ದಿದ್ದರು. ಗೆಳತಿಯ ಪಾಲಿಗೆ ಉಳಿದದ್ದು ಕಿರಿದಾದ, ಚೂಪು ಮೂತಿಯ, ಮುಂದೆ ಮೇಲಕ್ಕೆ ಬಾಗಿದ ಒಂದು ಹಲಗೆ. ಅದರ ಮೇಲೆ ಮಲಗಿದರೆ ನೀರು ಅವಳ ಎದೆಯವರೆಗೆ ಬರುತ್ತಿತ್ತು. ಅಲೆಗಳು ಒಂದೊಂದಾಗಿ ಅವಳ ಕೆಳಗಿನಿಂದ ಹಾದುಹೋದವು. ಎರಡು ತಾಸು ಕೈ ಬಡಿದಳು, ಒಂದೂ ಅವಳನ್ನು ಮುಂದಕ್ಕೆ ಒಯ್ಯಲಿಲ್ಲ.

ಕಲಿಸುವ ಹುಡುಗ ದಂಡೆಯಿಂದಲೇ ಕೂಗಿ ಕೇಳಿದ. "ಆಂಟಿ, ನಿಮ್ಮ ತೂಕ ಎಷ್ಟು?"

ಅವಳು ಅಲ್ಲಿಂದಲೇ ಕೂಗಿ ಹೇಳಿದಳು. ದಂಡೆಯಲ್ಲಿದ್ದ ಕೆಲವರು ನಕ್ಕರು.

"ಈ ಅಲೆಗೆ ಅಷ್ಟು ಶಕ್ತಿ ಇಲ್ಲ ಆಂಟಿ. ಸ್ವಲ್ಪ ಇಳಿಸಿಕೊಂಡು ಬನ್ನಿ, ಆಮೇಲೆ ನೋಡುವ."

ವಾಪಸು ಬರುವಾಗ ಬಸ್ಸು ಶಿರಸಿ ದಾಟಿತು. ಆಗ ಅವಳು ನನ್ನ ಕಡೆ ತಿರುಗಿ ಹೇಳಿದಳು: "ಇನ್ನೊಂದ್ ಸಲ ಬರ್ತೇನಿ. ಅದೊಂದ ಸಲ. ಆಗಲಿಲ್ಲಂದ್ರ ಮುಗೀತು, ನೀರಿನ ಮಾತು ನನ್ನ ಮುಂದ ಯಾರೂ ತಗೀಬಾರ್ದು. ನೀನೂ ತಗೀಬಾರ್ದು."

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಹೊಲಿಗೆ ಕೊಡುವ ದಿನವನ್ನು ಕೂಡ ತಪ್ಪಿಸದ ದರ್ಜಿ ಅವಳು.

ಊರಿಗೆ ಬಂದ ಮೇಲೆ ನಾನು ಹಲಗೆಗಳ ಬಗ್ಗೆ ಓದತೊಡಗಿದೆ. ಓದಿದಷ್ಟೂ ಸಿಟ್ಟು ಬಂತು. ವಿಷಯ ಬಹಳ ಸರಳ. ಜೋರಿನ ಅಲೆ ತಾನೇ ತಳ್ಳುತ್ತದೆ. ಅದಕ್ಕೆ ಕಿರಿದಾದ, ತೆಳುವಾದ, ಮೂತಿ ಬಾಗಿದ ಹಲಗೆ ಸಾಕು. ಸಣ್ಣ, ದುರ್ಬಲ ಅಲೆಯಲ್ಲಿ ಹಲಗೆ ತಾನೇ ತೇಲಬೇಕು, ಬೇಗ ಜಾರಲು ಸುರುಮಾಡಬೇಕು. ಅದಕ್ಕೆ ಅಗಲ ಬೇಕು, ದಪ್ಪ ಬೇಕು, ತಳ ಹೆಚ್ಚುಕಡಿಮೆ ಸಪಾಟಾಗಿರಬೇಕು. ಮೂತಿ ಹೆಚ್ಚು ಬಾಗಿದ್ದರೆ ಹಲಗೆ ನೀರಿನ ಮೇಲೆ ಜಾರದೆ ನೀರನ್ನು ಮುಂದಕ್ಕೆ ನೂಕುತ್ತ ನಿಲ್ಲುತ್ತದೆ. ಬಾಲದ ಕಡೆಯೂ ಚೂಪಾಗಿರದೆ ಅಗಲವಿದ್ದರೆ, ಹಿಂದಿನಿಂದ ಬರುವ ಮೆತ್ತನೆಯ ಅಲೆಗೆ ಎತ್ತಲು ಜಾಗ ಸಿಗುತ್ತದೆ. ಹಲಗೆಯ ಗಾತ್ರವನ್ನು ಲೀಟರಿನಲ್ಲಿ ಅಳೆಯುತ್ತಾರೆ. ಏರುವವರ ತೂಕ ಹೆಚ್ಚಿದಷ್ಟು, ಅನುಭವ ಕಡಿಮೆಯಿದ್ದಷ್ಟು ಲೀಟರು ಹೆಚ್ಚಬೇಕು.

ಅಂದರೆ ಆ ದಿನ ತಪ್ಪಾಗಿದ್ದದ್ದು ಹಲಗೆ. ದಂಡೆಯ ಮೇಲೆ ತಪ್ಪಿನ ಲೆಕ್ಕಕ್ಕೆ ಬಂದದ್ದು ಅವಳ ದೇಹ. ಅಂಗಿ ಬಿಗಿಯಾದರೆ ಅಂಗಿ ಸಣ್ಣದು ಎನ್ನದೆ ತೊಟ್ಟವಳು ದಪ್ಪ ಎನ್ನುವ ಅನ್ಯಾಯವನ್ನು ನಾನು ಶಾಲೆಗಳಲ್ಲಿ, ಬಸ್ಸುಗಳಲ್ಲಿ, ಆಸ್ಪತ್ರೆಯ ತಪಾಸಣೆಯ ಮಂಚಗಳಲ್ಲಿ ನೋಡಿದ್ದೆ. ಅದು ಸಮುದ್ರದವರೆಗೆ ಬಂದಿರುವುದು ಗೊತ್ತಿರಲಿಲ್ಲ.

ಜಾಲತಾಣವೊಂದರ ಕೋಷ್ಟಕದಲ್ಲಿ ಅವಳ ತೂಕವನ್ನು ಹಾಕಿ ನೋಡಿದೆ. ತೊಂಬತ್ತಾರು ಇಂಚು ಉದ್ದ, ಇಪ್ಪತ್ನಾಲ್ಕು ಇಂಚು ಅಗಲ, ಮೂರೂವರೆ ಇಂಚು ದಪ್ಪ. ಎಪ್ಪತ್ತೇಳು ಲೀಟರಿನ ಆಸುಪಾಸು. ಅಂಥದ್ದನ್ನು ತರಿಸುವುದು ನಮ್ಮ ಕೈಮೀರಿದ ಮಾತಾಗಿತ್ತು. ಆದ್ದರಿಂದ ಇಲ್ಲಿಯೇ ಮಾಡಿಸುವುದೆಂದು ತೀರ್ಮಾನಿಸಿದೆವು.

ಹಲಗೆಯ ಒಳಗಿನ ತಿರುಳು ಥರ್ಮಕೋಲ್. ಅದು ಬ್ಯಾಡಗಿಯಲ್ಲಿ ಸಿಕ್ಕಿತು. ಅಲ್ಲಿ ಮೆಣಸಿನಕಾಯಿ ಇಡುವ ಶೀತಲಗೃಹವೊಂದರ ಗೋಡೆಯನ್ನು ಹೊಸದು ಮಾಡುತ್ತಿದ್ದರು. ತಂಪು ಹಿಡಿದಿಡಲು ಹಚ್ಚಿದ್ದ ದಪ್ಪ ಥರ್ಮಕೋಲ್ ಹಾಸುಗಳನ್ನು ಕಿತ್ತು ಅಂಗಳದಲ್ಲಿ ಒಟ್ಟಿದ್ದರು. ಅವನ್ನು ಸುಡುವ ಯೋಚನೆಯಲ್ಲಿದ್ದರು. ಸುಡುವುದು ತಪ್ಪು, ಆ ಹೊಗೆ ವಿಷ ಎಂದು ಅಲ್ಲಿನ ಮ್ಯಾನೇಜರಿಗೆ ಅರ್ಧ ತಾಸು ಹೇಳಿದೆ. "ಅಷ್ಟೂ ನೀವ ಒಯ್ರಿ ಅಕ್ಕಾರ, ಮಾತ್ ಮುಗಸ್ರಿ," ಎಂದರು. ನಮಗೆ ಬೇಕಾದದ್ದು ನಾಲ್ಕೇ ಹಾಸು. ಸಣ್ಣ ಟೆಂಪೋದಲ್ಲಿ ಅವನ್ನು ರಾಣೆಬೆನ್ನೂರಿಗೆ ಸಾಗಿಸುವಾಗ ಚಾಲಕ ದಾರಿಯುದ್ದಕ್ಕೂ ಸೀನಿದ. ಹಾಸಿನ ಒಂದೊಂದು ಸಂದಿಯಲ್ಲೂ ವರ್ಷಗಳ ಮೆಣಸಿನ ಘಾಟು ಕುಳಿತಿತ್ತು.

ರಾಣೆಬೆನ್ನೂರಿನಲ್ಲಿ ನಮಗೆ ಸಿಕ್ಕ ಮಿಸ್ತ್ರಿ ಬಾಗಿಲು, ಕಿಟಕಿ, ಚೌಕಟ್ಟು ಮಾಡುವವರು. ಅರವತ್ತರ ಹತ್ತಿರದ ಮುಸ್ಲಿಂ ಹಿರಿಯರು. ಕಟ್ಟಿಗೆಯ ಕೆಲಸ ಕಡಿಮೆಯಾದಾಗ ಫೈಬರಿನ ನೀರಿನ ಟ್ಯಾಂಕುಗಳ ದುರಸ್ತಿಯನ್ನೂ ಮಾಡುತ್ತಾರೆ. ಕಟ್ಟಿಗೆ, ಫೈಬರ್ ಎರಡರ ಕೆಲಸವನ್ನೂ ಬಲ್ಲ ಬೇರೆಯವರು ನಮಗೆ ಕಾಣಲಿಲ್ಲ. ನಾನು ಬರೆದುಕೊಟ್ಟ ಚಿತ್ರವನ್ನು ಅವರು ಬಹಳ ಹೊತ್ತು ತಿರುವಿ ತಿರುವಿ ನೋಡಿದರು.

"ಇದು ಬಾಗಲಾ ಅಲ್ಲ, ಕಾಟ್ ಅಲ್ಲ. ಇದರ ಮ್ಯಾಲ ಮಕ್ಕೋತಾರೇನ್ರಿ?"

"ಮೊದಲ ಮಕ್ಕೋತೇನಿ, ಆಮ್ಯಾಲ ಎದ್ದು ನಿಂದರತೇನಿ," ಎಂದಳು ಗೆಳತಿ.

"ನೀರಿನ ಮ್ಯಾಲ?"

"ನೀರಿನ ಮ್ಯಾಲ."

"ಮನ್ಯಾಗ ಹೇಳೀರೇನ್ರಿ ಬೇಟಿ?"

"ಮನ್ಯಾಗ ನಾನ ಹಿರೇಮನಿಷಾಳು ರೀ. ನನಗ ನಾನ ಹೇಳೇನಿ."

ಮಿಸ್ತ್ರಿ ನಕ್ಕು ಕೆಲಸ ಒಪ್ಪಿಕೊಂಡರು. ಟ್ಯಾಂಕಿಗೆ ಬಳಸುವ ರಾಳವನ್ನು ಥರ್ಮಕೋಲಿನ ಒಂದು ತುಂಡಿಗೆ ಸವರಿ ನೋಡಿದರು. ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಅದು ಕಣ್ಣೆದುರೇ ಕರಗಿತು. ಥರ್ಮಕೋಲನ್ನು ಕರಗಿಸದ ಎಪಾಕ್ಸಿ ರಾಳವೇ ಬೇಕೆಂದು ತಿಳಿದು, ಹುಬ್ಬಳ್ಳಿಯಿಂದ ತರಿಸಿದೆವು. ಕೆಲಸ ಮಾಡುವಾಗ ಅವರು ಮೂಗಿಗೆ ಏನನ್ನೂ ಕಟ್ಟಿಕೊಳ್ಳುತ್ತಿರಲಿಲ್ಲ. ಫೈಬರಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಹೇಳಿ ಒಂದು ಮಾಸ್ಕ್ ತಂದುಕೊಟ್ಟೆ. ಮುಂದಿನ ಸಲ ಹೋದಾಗ ಅದು ಗೋಡೆಯ ಮೊಳೆಗೆ ತೂಗುತ್ತಿತ್ತು. ಕಸಬುದಾರರ ದೇಹವನ್ನು ಯಾರೂ ಲೆಕ್ಕಕ್ಕೆ ಇಡದ ದೇಶದಲ್ಲಿ ಅವರೂ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಒಂದು ತಿಂಗಳಾದ ಮೇಲೆ, ಆಕಾರ ಕೊಟ್ಟಾಗಿದೆ, ಫೈಬರ್ ಹಚ್ಚುವ ಮೊದಲು ಬಂದು ನೋಡಿ ಎಂದು ಫೋನ್ ಮಾಡಿದರು. ಹೋದೆವು. ಎರಡು ಮರದ ಸ್ಟ್ಯಾಂಡುಗಳ ಮೇಲೆ ಬಿಳಿಯ ಹಲಗೆ ಮಲಗಿತ್ತು. ಚೆಲುವಾಗಿತ್ತು. ತಳ ಸಪಾಟು, ಮೂತಿ ದುಂಡಗೆ, ಬಾಲ ಅಗಲ. ನಾನು ಹೊಗಳುತ್ತಿದ್ದಾಗಲೇ ಗೆಳತಿ ತನ್ನ ಕೊರಳಲ್ಲಿದ್ದ ಟೇಪು ತೆಗೆದು ಅಳೆದಳು.

"ತೊಂಬತ್ತೈದು," ಎಂದಳು. ಅಡ್ಡ ಹಿಡಿದಳು. "ಇಪ್ಪತ್ಮೂರು."

ಒಂದೊಂದು ಇಂಚು ಕಡಿಮೆ. ಮನಸ್ಸಿನಲ್ಲೇ ಗುಣಿಸಿದೆ. ನಾಲ್ಕು ಲೀಟರಿನಷ್ಟು ಕೊರತೆ. ನೀರು ಮತ್ತೆ ಅವಳ ಎದೆಗೆ ಬರುವಷ್ಟು ಅಲ್ಲದಿದ್ದರೂ, ಇರುವ ಒಂದೇ ಅವಕಾಶವನ್ನು ಕೆಡಿಸಲು ಅದು ಸಾಕಾಗಬಹುದು.

"ಮಿಸ್ತ್ರಿಯವರ, ನಾ ಬರೆದು ಕೊಟ್ಟಿದ್ದು ತೊಂಬತ್ತಾರು, ಇಪ್ಪತ್ನಾಲ್ಕು."

"ಖರೇ ಐತ್ರಿ ಅಕ್ಕಾರ. ಆದ್ರ ಆಯ ಕೂಡಲಿಲ್ಲರಿ."

ನಮ್ಮ ಕಡೆ ಬಾಗಿಲನ್ನಾಗಲಿ, ಮನೆಯನ್ನಾಗಲಿ ಮಾಡುವವರು ಆಯ ನೋಡುತ್ತಾರೆ. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಒಂದು ಉಳಿದರೆ ಧ್ವಜಾಯ, ಮೂರು ಸಿಂಹ, ಐದು ವೃಷಭ, ಏಳು ಗಜ. ಇವು ಶುಭ. ಸಮಸಂಖ್ಯೆ ಉಳಿದರೆ ಹೊಗೆ, ನಾಯಿ, ಕತ್ತೆ. ಏನೂ ಉಳಿಯದಿದ್ದರೆ ಕಾಗೆ. ಅವು ಅಶುಭ. ಮನೆ ಕಟ್ಟುವವರು ಈ ಲೆಕ್ಕಕ್ಕಾಗಿ ಕಿಟಕಿ ಕಿರಿದು ಮಾಡಿ ಬೆಳಕನ್ನೇ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಇದರ ವಿರುದ್ಧ ಭಾಷಣಗಳನ್ನೂ ಮಾಡಿದ್ದೇನೆ.

"ತೊಂಬತ್ತಾರನ್ನ ಇಪ್ಪತ್ನಾಲ್ಕರಿಂದ ಗುಣಿಸಿ ಎಂಟಕ್ಕ ಭಾಗಸ್ರಿ, ಏನೂ ಉಳಿಯಂಗಿಲ್ಲ," ಎಂದರು ಮಿಸ್ತ್ರಿ. "ಕಾಕಾಯ. ಅದರ ಮ್ಯಾಲ ಒಬ್ಬ ಹೆಣ್ಮಗಳು ನಡುನೀರಾಗ ನಿಂದ್ರಾಕಿ. ನಾ ಹ್ಯಾಂಗ ಕೊಡ್ಲಿ? ತೊಂಬತ್ತೈದು, ಇಪ್ಪತ್ಮೂರಕ್ಕ ಒಂದು ಉಳೀತೈತಿ. ಧ್ವಜಾಯ."

"ಸಮುದ್ರಕ್ಕ ಆಯ ಗೊತ್ತೈತೇನ್ರಿ?"

"ಸಮುದ್ರಕ್ಕ ಗೊತ್ತಿಲ್ಲರಿ. ನನಗ ಗೊತ್ತೈತೆಲ್ಲ."

ಆಮೇಲೆ ನಾನು ಹೇಳಬಾರದ ಮಾತೊಂದನ್ನು ಹೇಳಿದೆ. ಇದು ನಿಮ್ಮ ಧರ್ಮದಲ್ಲಿ ಇಲ್ಲವಲ್ಲ, ನೀವೇಕೆ ಇದನ್ನು ಹೊತ್ತುಕೊಂಡಿದ್ದೀರಿ ಎಂದು ಕೇಳಿದೆ. ಬೇರೆಯವರ ತಪ್ಪುಗಳನ್ನು ಪಟ್ಟಿ ಮಾಡುವ ನಾನು ನನ್ನದನ್ನೂ ಬರೆಯಬೇಕು. ಒಬ್ಬ ಮನುಷ್ಯನ ನಲವತ್ತು ವರ್ಷಗಳ ಕೆಲಸವನ್ನು ಅವನ ಹೆಸರಿನ ಮೂಲಕ ನೋಡುವುದು ನಾನು ಎಲ್ಲೆಡೆ ವಿರೋಧಿಸುವ ಕೇಡು. ಆ ಮಧ್ಯಾಹ್ನ ಅದು ನನ್ನ ಬಾಯಿಂದಲೇ ಬಂತು.

ಮಿಸ್ತ್ರಿ ಉಳಿಯನ್ನು ಕೆಳಗಿಟ್ಟರು. "ಧರ್ಮದ ಮಾತಲ್ಲರಿ ಅಕ್ಕಾರ, ಕಸಬಿನ ಮಾತು. ನನಗ ಕೆಲಸ ಕಲಿಸಿದ ಅಜ್ಜಾರು ಬಡಿಗೇರರು. ಉಳಿ ಹಿಡಿಯೂದೂ ಅವರ ಕಲಿಸ್ಯಾರ, ಆಯಾನೂ ಅವರ ಕಲಿಸ್ಯಾರ. ಒಂದು ಇಟಗೊಂಡು ಒಂದು ಒಗೀಲಿಕ್ಕೆ ನನಗ ಬರಂಗಿಲ್ಲ."

ನಾನು ಕ್ಷಮೆ ಕೇಳಿದೆ. ಆದರೆ ಆಯದ ವಿಷಯದಲ್ಲಿ ಸೋಲಲಿಲ್ಲ. ನಂಬಿಕೆಗಾಗಿ ಅಳತೆ ಬದಲಿಸುವುದು ತಪ್ಪು, ಅದನ್ನು ಹೇಳದೆ ಬದಲಿಸುವುದು ಇನ್ನೂ ದೊಡ್ಡ ತಪ್ಪು ಎಂದೆ. ಹೇಳದೆ ಮಾಡಿದ್ದು ತಪ್ಪಾಯಿತೆಂದು ಅವರೂ ಒಪ್ಪಿದರು. ಆದರೆ ಕಾಕಾಯದ ಹಲಗೆ ತಮ್ಮ ಕೈಯಿಂದ ಹೊರಹೋಗುವುದಿಲ್ಲ, ಬೇಕಾದರೆ ಬೇರೆಯವರ ಕಡೆ ಮಾಡಿಸಿಕೊಳ್ಳಿ ಎಂದರು. ಬೇರೆಯವರು ಯಾರೂ ಇರಲಿಲ್ಲ.

ಇಷ್ಟು ಹೊತ್ತು ಗೆಳತಿ ಕಟ್ಟಿಗೆಯ ರಾಶಿಯ ಮೇಲೆ ಕುಳಿತು ಕೇಳುತ್ತಿದ್ದಳು.

"ಮುಗೀತೇನ್ರಿ ನಿಮ್ಮಿಬ್ಬರದು? ಹಲಿಗಿ ಮ್ಯಾಲ ನಿಂದ್ರಾಕಿ ನಾನು. ನನ್ನ ಒಬ್ಬಾಕಿನ್ನ ಬಿಟ್ಟು ಊರ ಮಂದಿ ಮಾತೆಲ್ಲಾ ಆಡೀರಿ." ಆಮೇಲೆ ಮಿಸ್ತ್ರಿಯ ಕಡೆ ತಿರುಗಿದಳು. "ಚಾಚಾ, ಸಣ್ಣದು ಮಾಡಿದ್ರ ಕೂಡಿದ ಆಯ ದೊಡ್ಡದು ಮಾಡಿದ್ರ ಕೂಡಂಗಿಲ್ಲೇನು? ಬ್ಲೌಸ್ ಬಿಗಿ ಆತಂದ್ರ ನಾವೇನ್ ಬಟ್ಟಿ ಚೆಲ್ತೇವೇನು? ಅಂಚಿಗೆ ಪಟ್ಟಿ ಕೊಡ್ತೇವಿ. ಇದಕ್ಕ ಸುತ್ತ ಒಂದೊಂದಿಂಚು ಪಟ್ಟಿ ಹಚ್ಚಿದ್ರ ಎಷ್ಟಾಕ್ಕೈತಿ ನೋಡ್ರಿ."

ಸುತ್ತ ಒಂದೊಂದು ಇಂಚು ಎಂದರೆ ಉದ್ದಕ್ಕೆ ಎರಡು, ಅಗಲಕ್ಕೆ ಎರಡು. ತೊಂಬತ್ತೇಳು, ಇಪ್ಪತ್ತೈದು. ಮಿಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಗೋಡೆಗೆ ಒರಗಿಸಿದ್ದ ಪ್ಲೈವುಡ್ಡಿನ ಮೇಲೆ ಗುಣಿಸಿದರು. ಎರಡು ಸಾವಿರದ ನಾನೂರ ಇಪ್ಪತ್ತೈದು. ಎಂಟರಿಂದ ಭಾಗಿಸಿದರು. ಇನ್ನೊಮ್ಮೆ ಭಾಗಿಸಿದರು.

"ಒಂದು ಉಳೀತು!" ಎಂದರು. "ಯಾ ಅಲ್ಲಾ, ಅದೂ ಧ್ವಜಾಯ."

"ಹಂಗಾರ ಹಚ್ರಿ ಪಟ್ಟಿ."

ನಾನು ಫೋನ್ ತೆಗೆದು ಲೀಟರಿನ ಲೆಕ್ಕ ಹಾಕಿದೆ. ಎಂಬತ್ತೊಂದು. ಕೋಷ್ಟಕ ಹೇಳಿದ್ದಕ್ಕಿಂತ ನಾಲ್ಕು ಹೆಚ್ಚು. ನಾನು ಅಷ್ಟು ಹಟ ಹಿಡಿದಿದ್ದ ತೊಂಬತ್ತಾರು, ಇಪ್ಪತ್ನಾಲ್ಕನ್ನು ಎಲ್ಲಿಂದ ತಂದಿದ್ದೆ ಎಂದು ಆಗ ಯೋಚಿಸಿದೆ. ಆ ಕೋಷ್ಟಕವನ್ನು ಯಾರು ಮಾಡಿದ್ದರು, ಯಾವ ವಯಸ್ಸಿನ ಯಾವ ದೇಹಗಳನ್ನು ನೋಡಿ ಮಾಡಿದ್ದರು ಎಂದು ನಾನು ಕೇಳಿರಲಿಲ್ಲ. ಮೊದಲ ಸಲ ನಿಲ್ಲುವ, ಮೊಣಕಾಲು ಬಿಗಿಯಾದ ಐವತ್ತೆರಡರ ಹೆಂಗಸಿಗೆ ಸಣ್ಣ ಅಲೆಯಲ್ಲಿ ಇಷ್ಟು ಹೆಚ್ಚಾದರೆ ನಷ್ಟವೇನೂ ಇಲ್ಲ. ಈಗಲೂ ಆಯವನ್ನು ನಾನು ನಂಬುವುದಿಲ್ಲ. ಎಂಟರಿಂದ ಭಾಗಿಸಿ ಉಳಿದದ್ದಕ್ಕೂ ನೀರಿಗೂ ಸಂಬಂಧವಿಲ್ಲ ಎಂದು ಇಂದೂ ಹೇಳುತ್ತೇನೆ. ಹಲಗೆ ದೊಡ್ಡದಾದದ್ದು ದರ್ಜಿಯೊಬ್ಬಳ ಬುದ್ಧಿಯಿಂದ.

ಮಿಸ್ತ್ರಿ ಬೂರುಗದ ಕಟ್ಟಿಗೆ ತಂದರು. ಅದು ಹಗುರ. ದಪ್ಪ ಪಟ್ಟಿ ಹಲಗೆಯ ದುಂಡಿಗೆ ಬಾಗುವುದಿಲ್ಲವೆಂದು ಕಾಲಿಂಚಿನ ಎಳೆಗಳಾಗಿ ಸೀಳಿ, ನೀರಲ್ಲಿ ನೆನೆಸಿ, ಬಾಗಿಸಿ ಒಣಗಿಸಿ, ಒಂದರ ಮೇಲೊಂದು ನಾಲ್ಕು ಎಳೆ ಅಂಟಿಸಿದರು. ಆಮೇಲೆ ಅಂಚನ್ನು ಉಜ್ಜಿ ದುಂಡಗೆ ಮಾಡಿದರು. ಫೈಬರ್ ಬಟ್ಟೆ ಹಚ್ಚುವಾಗ ಗಟ್ಟಿಯಾಗಲೆಂದು ನಾಲ್ಕು ಪದರು ಹಾಕಲು ಹೊರಟಿದ್ದರು. ಟ್ಯಾಂಕಿನ ಅಭ್ಯಾಸ. ಭಾರವಾದರೆ ಸಣ್ಣ ಅಲೆ ಎತ್ತುವುದಿಲ್ಲ ಎಂದು ಬೇಡಿಕೊಂಡು ಎರಡಕ್ಕೆ ನಿಲ್ಲಿಸಿದೆವು. ಹಲಗೆ ದಿಕ್ಕು ತಪ್ಪದಿರಲೆಂದು ತಳಕ್ಕೆ ಮೀನಿನದರಂಥ ಎರಡು ರೆಕ್ಕೆಗಳನ್ನು ಕೂರಿಸಿದರು.

ಡಿಸೆಂಬರಿನಲ್ಲಿ ಐರಣಿಗೆ ಒಯ್ದು ತುಂಗಭದ್ರೆಯಲ್ಲಿ ತೇಲಿಸಿ ನೋಡಿದೆವು. ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ನೋಡಿದರು.

"ಏನವಾ ಅದು, ರೊಟ್ಟಿ ಬಡಿಯೂ ಹಲಿಗೇನ?" ಎಂದಳು ಒಬ್ಬಳು.

"ಹೂನವಾ. ನಿನ್ನ ಗಂಡ ಎಷ್ಟ್ ರೊಟ್ಟಿ ತಿಂತಾನ ಹೇಳು, ಬಡದು ಕೊಡ್ತೇನಿ," ಎಂದಳು ಗೆಳತಿ, ನೀರಿಗಿಳಿಯುತ್ತ.

"ಅವಗ ಇದೂ ಸಾಲಂಗಿಲ್ಲ ತಗಿ."

ಗೆಳತಿ ಹಲಗೆಯ ಮೇಲೆ ಬೋರಲಾಗಿ ಮಲಗಿದಳು. ಹಲಗೆಯ ಮೂತಿ ನೀರಿನಿಂದ ಮೇಲೇ ಉಳಿಯಿತು. ನೀರು ಅವಳ ಎದೆಯವರೆಗೆ ಬರಲಿಲ್ಲ. ನಿಂತ ನೀರಿನಲ್ಲಿ ನಲವತ್ತು ವರ್ಷಗಳ ಮೇಲೆ ಅವಳು ಕೈ ಬಡಿಯುವುದನ್ನು ನೋಡಿದೆ. ಮರೆತಿರಲಿಲ್ಲ. ಆ ಇಬ್ಬರು ಹೆಂಗಸರು ತಾವೂ ಒಮ್ಮೆ ಏರಿ ಕುಳಿತರು. ನಮ್ಮ ಜೊತೆ ಬಂದಿದ್ದ ಮಿಸ್ತ್ರಿ ದಂಡೆಯ ಮೇಲೆ ನಿಂತು, ಅಂಚಿನ ಅಂಟಿಗೆ ನೀರು ನುಗ್ಗುತ್ತದೆಯೇ ಎಂಬುದನ್ನಷ್ಟೇ ಕೇಳುತ್ತಿದ್ದರು.

ಜನವರಿಯ ಕೊನೆಯ ವಾರ ಹಲಗೆಯನ್ನು ಕ್ರೂಸರ್ ಗಾಡಿಯ ಮೇಲೆ ಕಟ್ಟಿಕೊಂಡು ಅದೇ ದಂಡೆಗೆ ಹೋದೆವು. ಒಂದೇ ಬೆಳಿಗ್ಗೆ ಇತ್ತು. ಮಧ್ಯಾಹ್ನ ಹೊರಡಬೇಕು. ಅಲೆ ಹೋದ ವರ್ಷಕ್ಕಿಂತಲೂ ಸಣ್ಣದಿತ್ತು, ಮೊಣಕಾಲಿಗಿಂತ ತುಸು ಮೇಲೆ. ಗೆಳತಿ ಸಮುದ್ರವನ್ನು ನೋಡಿದಳು, ಹಲಗೆ ಹಿಡಿದು ಇಳಿದಳು. ಮೊದಲ ಅರ್ಧ ತಾಸು ನಾನು ನೀರಿನಂಚಿನಲ್ಲೇ ಇದ್ದೆ. ಮೂರನೆಯ ಅಲೆ ಹಲಗೆಯನ್ನು ಎತ್ತಿಕೊಂಡಿತು. ಬೋರಲಾಗಿಯೇ ದಂಡೆಯವರೆಗೆ ಜಾರಿಬಂದಳು. ಮಕ್ಕಳಂತೆ ಕೂಗಿ ಮತ್ತೆ ಒಳಗೆ ಹೋದಳು. ಆಮೇಲೆ ಮಂಡಿಯೂರಿದಳು, ಬಿದ್ದಳು. ಒಂದು ಕಾಲು ಊರಿದಳು, ಬಿದ್ದಳು. ಹೀಗೆ ಬಹಳ ಸಲ ಆಯಿತು. ಅಲೆ ಅವಳನ್ನು ಒಯ್ಯುತ್ತಿತ್ತು. ನಿಲ್ಲುವುದೊಂದು ಉಳಿದಿತ್ತು, ಹೊತ್ತು ಏರುತ್ತಿತ್ತು.

ಆಗ ಅವಳ ಒಣಬಟ್ಟೆ ಇಡಲು ಹೆಂಗಸರ ಕೋಣೆಗೆ ಹೋದೆ. ಬೀಗ ಹಾಕಿತ್ತು. ಕೀಲಿ ಪಕ್ಕದ ಚಹಾದಂಗಡಿಯ ಗಂಡಸಿನ ಹತ್ತಿರ ಇತ್ತು. ಹೆಂಗಸರು ಬಟ್ಟೆ ಬದಲಿಸಲು ಗಂಡಸಿನ ಬಳಿ ಕೀಲಿ ಬೇಡಬೇಕಾದ ವ್ಯವಸ್ಥೆ ಎಷ್ಟು ಕೆಟ್ಟದ್ದು ಎಂದು ಅವನಿಗೆ ಹೇಳತೊಡಗಿದೆ. ಇದು ತಾನು ಮಾಡಿದ್ದಲ್ಲ ಎಂದು ಅವನು ಹೇಳಿದ. ಹಾಗಾದರೆ ಯಾರು ಮಾಡಿದ್ದು, ಅವರಿಗೆ ಬರೆಯುತ್ತೇನೆ ಎಂದು ಚೀಲದಿಂದ ಕಾಗದ ತೆಗೆದು, ಅವನ ಬೆಂಚಿನ ಮೇಲೆ ಕುಳಿತು ಬರೆದೆ. ಒಂದು ಪುಟ ಮುಗಿಯುವ ಹೊತ್ತಿಗೆ ಬೆನ್ನಿನ ಹಿಂದೆ ನೀರು ತೊಟ್ಟಿಕ್ಕಿತು.

ಗೆಳತಿ ನಿಂತಿದ್ದಳು. ಕೂದಲು ಮುಖಕ್ಕೆ ಅಂಟಿತ್ತು, ಮೊಣಕೈ ತರಚಿತ್ತು.

"ನೋಡಿದೇನ?"

"ಏನನ್ನ?"

"ನಿಂತೆ. ಎರಡೂ ಕಾಲಮ್ಯಾಲ. ಅಲ್ಲಿಂದ ಇಲ್ಲೀತನಕ." ಕೈಯಿಂದ ತೋರಿಸಿದಳು. ಆ ಚಹಾದಂಗಡಿಯ ಬಾಗಿಲಿನಿಂದ ಹಾದಿಗೆ ಇರುವಷ್ಟು ದೂರ.

ನಾನು ನೋಡಿರಲಿಲ್ಲ. ಹಾಗೆಯೇ ಹೇಳಿದೆ. ಕಾಗದ ನನ್ನ ಕೈಯಲ್ಲೇ ಇತ್ತು. ಅವಳು ಬೈಯುತ್ತಾಳೆ ಎಂದುಕೊಂಡೆ.

"ಗಾಡ್ಯಾವಗ ಇನ್ನೊಂದ್ ತಾಸು ನಿಂದ್ರಂತ ಹೇಳು," ಎಂದಳು. "ಕಾಗದ ಮುಗಿಸಿ ಬಾ. ಲಗೂ ಏನಿಲ್ಲ."

ಹಲಗೆಯನ್ನು ಕಂಕುಳಲ್ಲಿ ಹಿಡಿಯಲು ಅದರ ಅಗಲಕ್ಕೆ ಅವಳ ಕೈ ಎಟುಕುವುದಿಲ್ಲ. ತಲೆಯ ಮೇಲೆ ಹೊತ್ತುಕೊಂಡು ಅವಳು ನೀರಿನ ಕಡೆ ನಡೆದಳು. ನಾನು ಕಾಗದವನ್ನು ಚೀಲಕ್ಕೆ ತುರುಕಿ ಹಿಂದೆಯೇ ಹೋದೆ.